ಸಂಸದೆಯೇ 999ಕ್ಕೆ ಫೋನ್ ಮಾಡಿದಾಗ: ಹ್ಯಾಲಿಫ್ಯಾಕ್ಸ್‌ನ ಒಂದು ಪ್ರಕರಣ

ಇದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನಲ್ಲಿ 2016ರ ಆಗಸ್ಟ್‌ನಲ್ಲಿ ನಡೆದದ್ದು. ಹ್ಯಾಲಿಫ್ಯಾಕ್ಸ್ ಕ್ಷೇತ್ರದ ಲೇಬರ್ ಪಕ್ಷದ ಸಂಸದೆ ಹಾಲಿ ಲಿಂಚ್ ತಮ್ಮ ಊರಿನ ಪೊಲೀಸರ ಕೆಲಸ ಹೇಗಿರುತ್ತದೆ ಅಂತ ಕಣ್ಣಾರೆ ನೋಡಲು ಒಂದು ಪಾಳಿ ಅವರ ಜೊತೆ ಗಸ್ತಿಗೆ ಹೊರಟರು. ಕಾರಿನಲ್ಲಿ ಇದ್ದದ್ದು ಒಬ್ಬರೇ ಕಾನ್‌ಸ್ಟೆಬಲ್. ದಿನವೂ ಬರುವಂಥ ಒಂದು ಮಾಮೂಲಿ ಕೆಲಸ ಕೆಲವೇ ನಿಮಿಷಗಳಲ್ಲಿ ಕೆಟ್ಟ ತಿರುವು ಪಡೆಯಿತು. ಸಿಟ್ಟಿಗೆದ್ದ ಗುಂಪೊಂದು ಆ ಕಾನ್‌ಸ್ಟೆಬಲ್‌ರನ್ನು ಸುತ್ತುವರಿಯಿತು. ಅವರ ಜೀವಕ್ಕೇ ಅಪಾಯ ಅಂತ ಅನ್ನಿಸಿದಾಗ ಲಿಂಚ್ ಮೊಬೈಲ್ ತೆಗೆದು 999ಕ್ಕೆ ಕರೆ ಮಾಡಿದರು. ಬೇಗ ಜನ ಕಳಿಸಿ ಅಂತ ಕೇಳಿಕೊಂಡರು. ಹೆಚ್ಚುವರಿ ಪೊಲೀಸರು ಬಂದ ಮೇಲೆ ಪರಿಸ್ಥಿತಿ ಹತೋಟಿಗೆ ಬಂತು.

999 ಅಂದರೆ ಬ್ರಿಟನ್ನಿನ ತುರ್ತು ಸಹಾಯದ ನಂಬರ್, ನಮ್ಮ 112 ಇದ್ದ ಹಾಗೆ. ಜನ ತೊಂದರೆಯಲ್ಲಿದ್ದಾಗ ಪೊಲೀಸರನ್ನು ಕರೆಯಲು ಇರುವ ನಂಬರ್ ಅದು. ಅದಕ್ಕೆ ಒಬ್ಬ ಸಂಸದೆ ಪೊಲೀಸರ ಪರವಾಗಿ ಫೋನ್ ಮಾಡಬೇಕಾಗಿ ಬಂತು. ಆ ಕರೆ ಅಲ್ಲಿಗೇ ಮುಗಿಯಲಿಲ್ಲ. ಎರಡು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದು ಹೊಸ ಕಾಯ್ದೆ ಬಂತು.

ಜನಪ್ರತಿನಿಧಿಗಳು ಪೊಲೀಸ್ ಠಾಣೆಗೆ ಭೇಟಿ ಕೊಡುವುದರಲ್ಲಿ ವಿಶೇಷವೇನೂ ಇಲ್ಲ. ಎಲ್ಲ ದೇಶದಲ್ಲೂ ಕೊಡುತ್ತಾರೆ. ಬ್ರಿಟನ್ನಿನಲ್ಲಂತೂ ಸಂಸದರು ಪೊಲೀಸರ ಜೊತೆ ಹಲವು ದಿನ ಕಳೆದು ಕೆಲಸ ತಿಳಿದುಕೊಳ್ಳಲು ಪ್ರತ್ಯೇಕ ಯೋಜನೆಯೇ ಇದೆ. ಆದರೆ ಇಂಥ ಭೇಟಿಗಳಲ್ಲಿ ಹೆಚ್ಚಿನವು ಒಂದು ಫೋಟೋ, ಒಂದು ಹೇಳಿಕೆಯಲ್ಲಿ ಮುಗಿದುಹೋಗುತ್ತವೆ. ಹ್ಯಾಲಿಫ್ಯಾಕ್ಸ್‌ನದ್ದು ಹಾಗಾಗಲಿಲ್ಲ. ಅದು ಯಾಕೆ, ಮತ್ತು ಕಣ್ಣಿಗೆ ಬಿದ್ದದ್ದಕ್ಕೂ ಕೊನೆಗೆ ಕೈಗೆ ಬಂದ ಕಾನೂನಿಗೂ ಎಷ್ಟು ಅಂತರ ಉಳಿಯಿತು ಅನ್ನುವುದು ನನ್ನನ್ನು ಈ ಪ್ರಕರಣಕ್ಕೆ ಎಳೆದದ್ದು.

ಕಾರಿನಲ್ಲಿ ಒಬ್ಬರೇ ಯಾಕಿದ್ದರು?

ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ಇಡೀ ಪ್ರಕರಣದ ಬೇರು ಇಲ್ಲೇ ಇದೆ.

2010ರಲ್ಲಿ ಡೇವಿಡ್ ಕ್ಯಾಮರೂನ್ ಸರ್ಕಾರ ಬಂದ ಮೇಲೆ ಬ್ರಿಟನ್ನಿನಲ್ಲಿ ಖರ್ಚು ಕಡಿತದ ಕಾಲ ಶುರುವಾಯಿತು. ಪೊಲೀಸ್ ಇಲಾಖೆಗೂ ಕತ್ತರಿ ಬಿತ್ತು. ಆಗ ಗೃಹ ಸಚಿವೆಯಾಗಿದ್ದವರು ತೆರೇಸಾ ಮೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರ ಮಾರ್ಚ್‌ನಲ್ಲಿ ಸುಮಾರು 1,44,000 ಪೊಲೀಸರಿದ್ದರು. 2016ರ ಮಾರ್ಚ್ ಹೊತ್ತಿಗೆ ಅದು ಸುಮಾರು 1,24,000ಕ್ಕೆ ಇಳಿಯಿತು. ಅಂದರೆ 20,000 ಜನ ಕಡಿಮೆ.

ಜನ ಕಡಿಮೆಯಾದರೂ ಕರೆಗಳು ಕಡಿಮೆಯಾಗಲಿಲ್ಲ. ಆಗ ಸುಲಭವಾಗಿ ಕಾಣುವ ದಾರಿ ಒಂದೇ. ಇಬ್ಬರು ಒಂದು ಕಾರಿನಲ್ಲಿ ಹೋಗುವ ಬದಲು ಒಬ್ಬೊಬ್ಬರು ಒಂದೊಂದು ಕಾರಿನಲ್ಲಿ ಹೋಗುವುದು. ಕಾಗದದ ಮೇಲೆ ಲೆಕ್ಕ ಚೆನ್ನಾಗಿ ಕಾಣುತ್ತದೆ. ರಸ್ತೆಯಲ್ಲಿ ಕಾರುಗಳ ಸಂಖ್ಯೆ ಹೆಚ್ಚುತ್ತದೆ, ಒಂದೇ ಹೊತ್ತಿಗೆ ಎರಡು ಕರೆಗಳಿಗೆ ಓಗೊಡಬಹುದು. ಬೀಗ ಒಡೆದ ಮನೆಗೆ ಹೋಗಿ ದೂರು ಬರೆದುಕೊಳ್ಳಲು ಒಬ್ಬರು ಸಾಕು ಕೂಡ. ಕಷ್ಟ ಏನಂದರೆ, ಯಾವ ಕರೆ ಯಾವಾಗ ಹೊಡೆದಾಟಕ್ಕೆ ತಿರುಗುತ್ತದೆ ಅಂತ ಹೊರಡುವ ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ಲಿಂಚ್ ಇದ್ದ ಕಾರಿನಲ್ಲಿ ಆದದ್ದೂ ಅದೇ.

ಇನ್ನೊಂದು ವಿಷಯವನ್ನು ನಮ್ಮ ಓದುಗರಿಗೆ ಹೇಳಲೇಬೇಕು. ಅಲ್ಲಿ ಗಸ್ತಿನ ಸಾಮಾನ್ಯ ಪೊಲೀಸರ ಸೊಂಟದಲ್ಲಿ ಬಂದೂಕು ಇರುವುದಿಲ್ಲ. ಒಂದು ಲಾಠಿ, ಕೈಕೋಳ, ಕಣ್ಣುರಿಸುವ ಸ್ಪ್ರೇ, ಒಂದು ರೇಡಿಯೋ. ವಿದ್ಯುತ್ ಆಘಾತ ಕೊಡುವ ಟೇಸರ್ ಕೂಡ ಅದಕ್ಕೆ ತರಬೇತಿ ಪಡೆದವರ ಹತ್ತಿರ ಮಾತ್ರ. ಆಪತ್ತಿನಲ್ಲಿ ನಿಜವಾಗಿ ಕಾಯುವುದು ಪಕ್ಕದಲ್ಲಿರುವ ಜೊತೆಗಾರ. ಜೊತೆಗಾರ ಇಲ್ಲದಿದ್ದರೆ ರೇಡಿಯೋ. ರೇಡಿಯೋದ ತುರ್ತು ಬಟನ್ ಒತ್ತಿದರೆ ಉಳಿದವರಿಗೆ ಕೇಳಿಸುತ್ತದೆ, ನಿಜ. ಆದರೆ ಕೇಳಿಸಿಕೊಂಡವರು ಎಷ್ಟು ದೂರದಲ್ಲಿದ್ದಾರೆ? ಹ್ಯಾಲಿಫ್ಯಾಕ್ಸ್ ಇರುವ ಕಾಲ್ಡರ್‌ಡೇಲ್ ಪ್ರದೇಶ ಬೆಟ್ಟ, ಕಣಿವೆ, ಅಲ್ಲೊಂದು ಇಲ್ಲೊಂದು ಸಣ್ಣ ಊರುಗಳ ಸೀಮೆ. ಅದರ ಇನ್ನೊಂದು ತುದಿಯ ಟಾಡ್‌ಮೋರ್ಡನ್‌ಗೆ ಹ್ಯಾಲಿಫ್ಯಾಕ್ಸ್‌ನಿಂದ ಹತ್ತಿರ ಹತ್ತಿರ 20 ಕಿಲೋಮೀಟರ್, ಅದೂ ಕಣಿವೆಯ ಅಂಕುಡೊಂಕು ರಸ್ತೆ. ಸಹಾಯಕ್ಕೆ ಬರಬೇಕಾದವರು ಅಂಥ ತುದಿಯಲ್ಲಿದ್ದರೆ ಗುಂಪಿನ ನಡುವೆ ಸಿಕ್ಕಿಕೊಂಡವರ ಪಾಡು ಏನು, ಅಲ್ವಾ?

ಆ ವರ್ಷದ ಹಿನ್ನೆಲೆಯೂ ಭಾರವಾಗಿತ್ತು. 2016ರ ಜೂನ್ 16ರಂದು, ಅಂದರೆ ಈ ಘಟನೆಗೆ ಸುಮಾರು ಎರಡು ತಿಂಗಳ ಮುಂಚೆ, ಅದೇ ವೆಸ್ಟ್ ಯಾರ್ಕ್‌ಶೈರ್‌ನ ಸಂಸದೆ ಜೋ ಕಾಕ್ಸ್ ಅವರನ್ನು ಬರ್ಸ್ಟಲ್‌ನಲ್ಲಿ ನಡುಬೀದಿಯಲ್ಲಿ ಕೊಲ್ಲಲಾಗಿತ್ತು. ಕಾಕ್ಸ್ ಮತ್ತು ಲಿಂಚ್ ಇಬ್ಬರೂ 2015ರ ಚುನಾವಣೆಯಲ್ಲಿ ಮೊದಲ ಸಲ ಗೆದ್ದು ಬಂದವರು. ಲಿಂಚ್ ಗೆದ್ದದ್ದು ಬರೀ 428 ಮತಗಳ ಅಂತರದಿಂದ. ಕಾಕ್ಸ್ ಅವರನ್ನು ಕೊಂದವನ ಹತ್ತಿರ ಬಂದೂಕು, ಚಾಕು ಎರಡೂ ಇತ್ತು. ಅವನನ್ನು ಹಿಡಿದದ್ದು ಬಂದೂಕಿಲ್ಲದ ಇಬ್ಬರು ಸ್ಥಳೀಯ ಪೊಲೀಸರು. ಪೊಲೀಸರು ದಿನವೂ ಯಾವುದರ ಎದುರು ನಿಲ್ಲುತ್ತಾರೆ ಅನ್ನುವುದು ಆ ಭಾಗದ ಸಂಸದರಿಗೆ ಆ ಬೇಸಿಗೆಯಲ್ಲಿ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೋಡಿದ ಮೇಲೆ ಏನು ಮಾಡಿದರು

ಲಿಂಚ್ ಅದೇ ಅಕ್ಟೋಬರ್‌ನಲ್ಲಿ ಸಂಸತ್ತಿನಲ್ಲಿ ಪೊಲೀಸರ ಸುರಕ್ಷತೆಯ ಬಗ್ಗೆ ಚರ್ಚೆ ಎತ್ತಿದರು. ತಾವು ನೋಡಿದ್ದನ್ನು ಹೇಳಿದರು. ಅಲ್ಲಿಗೆ ನಿಲ್ಲಿಸಲೂಬಹುದಿತ್ತು. ಅವರು ಇನ್ನಷ್ಟು ಜನರ ಮಾತು ಕೇಳಲು ಹೊರಟರು. ಪೊಲೀಸರು, ಆಂಬುಲೆನ್ಸ್ ಸಿಬ್ಬಂದಿ, ಅಗ್ನಿಶಾಮಕದವರು, ಆಸ್ಪತ್ರೆಯ ನರ್ಸ್‌ಗಳು ಎಲ್ಲರ ಅನುಭವವೂ ಒಂದೇ ಕಡೆ ಬಂದು ಸೇರುತ್ತಿತ್ತು. 2015-16ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರ ಮೇಲೆ ಸುಮಾರು 23,000 ಹಲ್ಲೆಗಳಾಗಿವೆ ಅಂತ ಸರ್ಕಾರದ್ದೇ ಅಂದಾಜಿತ್ತು. ಹತ್ತಿರ ಹತ್ತಿರ 23 ನಿಮಿಷಕ್ಕೆ ಒಂದು.

ಹೊಡೆತಕ್ಕಿಂತ ಉಗುಳಿನ ವಿಷಯ ನನ್ನನ್ನು ಜಾಸ್ತಿ ಕಲಕಿತು. ಹೊರಗಿನವರಿಗೆ ಉಗುಳುವುದು ಅಸಹ್ಯ ಅಷ್ಟೇ ಅನ್ನಿಸಬಹುದು. ಆದರೆ ಬಂಧಿತನೊಬ್ಬ ರಕ್ತ ಬೆರೆತ ಉಗುಳನ್ನು ಪೊಲೀಸರ ಕಣ್ಣಿಗೆ, ಬಾಯಿಗೆ ಉಗುಳಿದರೆ ಆಮೇಲೆ ಆಗುವುದೇ ಬೇರೆ. ಸೋಂಕು ತಗುಲಬಹುದು ಅನ್ನುವ ಅನುಮಾನದ ಮೇಲೆ ಔಷಧ ಶುರು ಮಾಡುತ್ತಾರೆ. ಆ ಔಷಧದಿಂದ ವಾಂತಿ, ಸುಸ್ತು. ಏನೂ ಆಗಿಲ್ಲ ಅಂತ ಖಚಿತವಾಗಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಮನೆಯಲ್ಲಿ ಹೆಂಡತಿ ಮಕ್ಕಳನ್ನು ಹತ್ತಿರ ಸೇರಿಸಲೂ ಭಯ. ಉಗುಳಿದವನು ರಕ್ತ ಪರೀಕ್ಷೆಗೆ ಒಪ್ಪಿದರೆ ಈ ಕಾಯುವಿಕೆ ತಪ್ಪುತ್ತದೆ. ಒಪ್ಪದಿದ್ದರೆ ಒತ್ತಾಯಿಸುವ ಹಾಗಿರಲಿಲ್ಲ.

ಕೋರ್ಟಿನ ಕಡೆಯ ಕಥೆಯೂ ಸಮಾಧಾನ ತರುವಂಥದ್ದಲ್ಲ. 1996ರ ಪೊಲೀಸ್ ಕಾಯ್ದೆಯ 89ನೇ ಕಲಮಿನ ಪ್ರಕಾರ ಕರ್ತವ್ಯದಲ್ಲಿದ್ದ ಪೊಲೀಸರ ಮೇಲೆ ಕೈ ಮಾಡಿದರೆ ಗರಿಷ್ಠ ಆರು ತಿಂಗಳು ಜೈಲು. ಬೀದಿಯಲ್ಲಿ ಯಾರೋ ಇನ್ಯಾರಿಗೋ ಹೊಡೆದರೂ ಗರಿಷ್ಠ ಅಷ್ಟೇ. ಅದರಲ್ಲೂ ಎಷ್ಟೋ ಜನಕ್ಕೆ ದಂಡ, ಇಲ್ಲವೇ ಅಮಾನತಿನಲ್ಲಿಟ್ಟ ಶಿಕ್ಷೆ. ಏಟು ತಿಂದ ಪೊಲೀಸರಿಗೆ ಇದು ತಮ್ಮ ಕೆಲಸದ ಭಾಗ ಅಂತ ಕೋರ್ಟೇ ಹೇಳಿದ ಹಾಗೆ ಕೇಳಿಸುತ್ತಿತ್ತು.

ಲಿಂಚ್ ಬೆನ್ನಿಗೆ ಪೊಲೀಸ್ ಫೆಡರೇಷನ್ ನಿಂತಿತು. ಅದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರ ಪ್ರಾತಿನಿಧಿಕ ಸಂಘ, 1919ರ ಕಾಯ್ದೆಯಿಂದ ಹುಟ್ಟಿದ್ದು. ಅಲ್ಲಿನ ಪೊಲೀಸರು ಮುಷ್ಕರ ಹೂಡುವಂತಿಲ್ಲ. ಆದರೆ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಲು ಒಂದು ಸಂಘಟನೆ ಇದೆ. ಕಾಯುವವರನ್ನು ಕಾಯಿರಿ ಅನ್ನುವ ಹೆಸರಿನಲ್ಲಿ ಪ್ರಚಾರ ಶುರುವಾಯಿತು.

ಆಗಲೇ ಇನ್ನೊಂದು ಒಳ್ಳೆಯ ಕೆಲಸವೂ ಬೆಳಕಿಗೆ ಬಂತು. ಹ್ಯಾಂಪ್‌ಶೈರ್ ಪೊಲೀಸರು ಏಳು ಅಂಶಗಳ ಒಂದು ಪದ್ಧತಿ ರೂಪಿಸಿದ್ದರು. ಪೊಲೀಸರ ಮೇಲಿನ ಹಲ್ಲೆಯನ್ನು ಸಾರ್ವಜನಿಕರ ಮೇಲಿನ ಹಲ್ಲೆಯಷ್ಟೇ ಗಂಭೀರವಾಗಿ ತನಿಖೆ ಮಾಡಬೇಕು. ಏಟು ತಿಂದವರನ್ನು ಸಂತ್ರಸ್ತರು ಅಂತಲೇ ನೋಡಬೇಕು. ಮೇಲಧಿಕಾರಿ ಬಂದು ವಿಚಾರಿಸಬೇಕು. ಏಟು ತಿಂದವರೇ ತಮ್ಮ ಕೇಸಿನ ತನಿಖೆ ಮಾಡಬಾರದು. ಕೊನೆಯದನ್ನು ಓದಿದಾಗ ಒಂದು ಕ್ಷಣ ನಿಲ್ಲಬೇಕು. ಅದನ್ನು ಬರೆದಿಡಬೇಕಾಗಿ ಬಂತು ಅಂದರೆ, ಮೂಗಿನಿಂದ ರಕ್ತ ಸುರಿಸಿಕೊಂಡು ಬಂದವರೇ ಕೂತು ತಮ್ಮ ಕೇಸಿನ ಕಾಗದಪತ್ರ ತಯಾರಿಸುವುದು ನಡೆದೇ ಇತ್ತು ಅಂತಲೇ ಅರ್ಥ. ಈ ಪದ್ಧತಿಗೆ ಕಾಯ್ದೆ ಬೇಕಿರಲಿಲ್ಲ, ಒಬ್ಬ ಮುಖ್ಯಸ್ಥರ ಮನಸ್ಸು ಸಾಕಿತ್ತು. ಮುಂದೆ ಬೇರೆ ಪಡೆಗಳೂ ಇದನ್ನು ಅಳವಡಿಸಿಕೊಂಡವು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಸುತ್ತ ಆದ ಕೆಲಸಗಳಲ್ಲಿ ಪೊಲೀಸರ ದಿನನಿತ್ಯಕ್ಕೆ ನೇರವಾಗಿ ಮುಟ್ಟಿದ್ದು ಇದೇ.

ಮಸೂದೆಯ ದಾರಿ

2017ರ ಫೆಬ್ರವರಿಯಲ್ಲಿ ಲಿಂಚ್ ಖಾಸಗಿ ಮಸೂದೆಯೊಂದನ್ನು, ಅಂದರೆ ಸರ್ಕಾರವಲ್ಲದೆ ಸದಸ್ಯರೇ ಸ್ವಂತವಾಗಿ ತರುವ ಮಸೂದೆಯನ್ನು ತಂದರು. ಬ್ರಿಟನ್ನಿನಲ್ಲಿ ಇದಕ್ಕೆ ಹತ್ತು ನಿಮಿಷದ ನಿಯಮ ಅಂತ ಇದೆ. ಸದಸ್ಯರು ಹತ್ತು ನಿಮಿಷ ಮಾತಾಡಿ ಮಸೂದೆ ಮಂಡಿಸಬಹುದು. ಗಮನ ಸೆಳೆಯಲು ಒಳ್ಳೆಯ ದಾರಿ. ಅಂಥ ಮಸೂದೆ ಕಾಯ್ದೆಯಾಗುವುದು ತೀರಾ ಅಪರೂಪ. ತುರ್ತು ಸೇವೆಯವರ ಮೇಲಿನ ಹಲ್ಲೆಗೆ ಹೆಚ್ಚಿನ ಶಿಕ್ಷೆ, ಉಗುಳಿದವರ ರಕ್ತ ಪರೀಕ್ಷೆ, ಈ ಎರಡೂ ಅದರಲ್ಲಿದ್ದವು.

ಮುಂದಿನ ತಿಂಗಳೇ ಇಡೀ ಸಂಸತ್ತು ಒಂದು ಭಯಂಕರ ಮಧ್ಯಾಹ್ನ ಕಂಡಿತು. ಮಾರ್ಚ್ 22ರಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಜನರ ಮೇಲೆ ಕಾರು ಹರಿಸಿದವನೊಬ್ಬ ಸಂಸತ್ ಭವನದ ಗೇಟಿನೊಳಗೆ ನುಗ್ಗಿದ. ಕಾವಲಿಗಿದ್ದ ಕಾನ್‌ಸ್ಟೆಬಲ್ ಕೀತ್ ಪಾಮರ್ ಅವರಿಗೆ ಚಾಕುವಿನಿಂದ ಇರಿದ. ಪಾಮರ್ ಹತ್ತಿರ ಬಂದೂಕು ಇರಲಿಲ್ಲ. ಅಲ್ಲೇ ಇದ್ದ ಸಂಸದ, ವಿದೇಶಾಂಗ ಖಾತೆಯ ಕಿರಿಯ ಸಚಿವ ಟೋಬಿಯಾಸ್ ಎಲ್‌ವುಡ್ ಸೈನ್ಯದಲ್ಲಿದ್ದವರು. ಅವರು ನೆಲದ ಮೇಲೆ ಮಂಡಿಯೂರಿ ಪಾಮರ್ ಅವರಿಗೆ ಉಸಿರು ಕೊಡಲು ಹೆಣಗಿದರು. ಉಳಿಸಿಕೊಳ್ಳಲು ಆಗಲಿಲ್ಲ. ಪೊಲೀಸರ ಕೆಲಸ ಏನು ಅಂತ ತಿಳಿಯಲು ಆ ದಿನ ಸಂಸದರು ಎಲ್ಲಿಗೂ ಹೋಗಬೇಕಿರಲಿಲ್ಲ. ಅವರು ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದಾಗ ಹೊರಗೆ ಅವರಿಗಾಗಿ ಒಬ್ಬರು ಸತ್ತಿದ್ದರು.

ಆಮೇಲೆ ಜೂನ್ 8ಕ್ಕೆ ದಿಢೀರ್ ಚುನಾವಣೆ ಬಂತು. ಸಂಸತ್ತು ವಿಸರ್ಜನೆಯಾದಾಗ ಬಾಕಿ ಇದ್ದ ಮಸೂದೆಗಳೆಲ್ಲ ಬಿದ್ದುಹೋದವು. ಲಿಂಚ್ ಅವರದ್ದೂ ಹೋಯಿತು.

ಹೊಸ ಸಂಸತ್ತಿನಲ್ಲಿ ಅದೃಷ್ಟ ಕೈಹಿಡಿಯಿತು. ಅಲ್ಲಿ ಪ್ರತಿ ಅಧಿವೇಶನದ ಆರಂಭದಲ್ಲಿ ಖಾಸಗಿ ಮಸೂದೆಗಳಿಗೆ ಚೀಟಿ ಎತ್ತುತ್ತಾರೆ. ಇಪ್ಪತ್ತು ಸದಸ್ಯರಿಗೆ ಅವಕಾಶ. ಮೊದಲ ಕೆಲವು ಹೆಸರುಗಳಿಗೆ ಮಾತ್ರ ನಿಜವಾದ ಬೆಲೆ, ಯಾಕಂದರೆ ಇಂಥ ಮಸೂದೆಗಳಿಗೆ ಸಿಗುವ ಶುಕ್ರವಾರಗಳು ಬೆರಳೆಣಿಕೆಯಷ್ಟು. ಆ ಸಲ ಮೊದಲ ಹೆಸರು ಬಂದದ್ದು ವೇಲ್ಸ್‌ನ ರಾಂಡಾ ಕ್ಷೇತ್ರದ ಲೇಬರ್ ಸಂಸದ ಕ್ರಿಸ್ ಬ್ರಯಂಟ್ ಅವರದ್ದು. ಅವರು ಯಾವ ವಿಷಯ ತರಲಿ ಅಂತ ಜನರನ್ನೇ ಕೇಳಿದರು. ಜನ ಆರಿಸಿದ್ದು ತುರ್ತು ಸೇವೆಯವರ ಮೇಲಿನ ಹಲ್ಲೆಯನ್ನು. ಲಿಂಚ್ ಹಾಕಿಕೊಟ್ಟ ದಾರಿಯಲ್ಲಿ ಬ್ರಯಂಟ್ ಮಸೂದೆ ನಡೆಯಿತು.

2017ರ ಅಕ್ಟೋಬರ್ 20ರಂದು ಎರಡನೇ ವಾಚನ, ಅಂದರೆ ಮಸೂದೆಯ ಮೇಲಿನ ಮೊದಲ ಮುಖ್ಯ ಚರ್ಚೆ. ಸರ್ಕಾರ ಬೆಂಬಲ ಕೊಟ್ಟಿತು. ಆದರೆ ಸರ್ಕಾರ ಬೆಂಬಲಿಸಿದಾಗ ಏನೋ ಒಂದು ಕಳಚಿಕೊಳ್ಳುತ್ತದೆ. ಇಲ್ಲಿ ಕಳಚಿದ್ದು ಉಗುಳಿದವರ ಪರೀಕ್ಷೆಯ ಕಲಮುಗಳು. ಸೇರಿಕೊಂಡದ್ದು ಲೈಂಗಿಕ ಹಲ್ಲೆ. ತುರ್ತು ಸೇವೆಯವರ ಮೇಲೆ ಲೈಂಗಿಕ ಹಲ್ಲೆಯಾದರೆ ಅದನ್ನೂ ಹೆಚ್ಚಿನ ಶಿಕ್ಷೆಗೆ ಕಾರಣವಾಗಿ ಕೋರ್ಟ್ ಪರಿಗಣಿಸಬೇಕು ಅಂತಾಯಿತು. 2018ರ ಸೆಪ್ಟೆಂಬರ್ 13ರಂದು ರಾಣಿಯ ಅಂಕಿತ ಬಿತ್ತು. ನವೆಂಬರ್ 13ರಿಂದ ಕಾಯ್ದೆ ಜಾರಿ. ಪೊಲೀಸರು, ಜೈಲು ಸಿಬ್ಬಂದಿ, ಅಗ್ನಿಶಾಮಕದವರು, ರಕ್ಷಣಾ ತಂಡಗಳು, ಸರ್ಕಾರಿ ಆರೋಗ್ಯ ಸೇವೆಯವರು ಎಲ್ಲರಿಗೂ ಅನ್ವಯ. ಸಾಧಾರಣ ಹಲ್ಲೆಗೆ ಗರಿಷ್ಠ ಶಿಕ್ಷೆ ಆರು ತಿಂಗಳಿಂದ ಹನ್ನೆರಡು ತಿಂಗಳಿಗೆ ಏರಿತು.

ಕೊರೊನಾ ಕಾಲದಲ್ಲಿ ಈ ಕಾಯ್ದೆಗೆ ಕೈತುಂಬ ಕೆಲಸ ಬಂತು. ನನಗೆ ಕೊರೊನಾ ಇದೆ ಅಂತ ಹೇಳಿ ಪೊಲೀಸರ ಮುಖಕ್ಕೆ ಕೆಮ್ಮಿದವರ ಮೇಲೆ, ಉಗುಳಿದವರ ಮೇಲೆ ಇದರಡಿಯಲ್ಲೇ ಮೊಕದ್ದಮೆ ಹೂಡಿದರು. 2022ರಲ್ಲಿ ಇನ್ನೊಂದು ಕಾಯ್ದೆ ಗರಿಷ್ಠ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿತು.

ಕಂಡದ್ದು ಒಂದು, ಬಂದದ್ದು ಇನ್ನೊಂದು

ಹಲ್ಲೆಗಳು ಕಡಿಮೆಯಾದವಾ? ಇಲ್ಲ. ದಾಖಲಾದ ಸಂಖ್ಯೆ ಇಳಿಯುವ ಬದಲು ಏರಿತು. ಮುಂಚೆ ಸುಮ್ನೆ ನುಂಗಿಕೊಳ್ಳುತ್ತಿದ್ದ ಏಟುಗಳನ್ನು ಈಗ ಪೊಲೀಸರು ಬರೆಸುತ್ತಿದ್ದಾರೆ, ದಾಖಲಿಸುವ ಕ್ರಮವೂ ಸುಧಾರಿಸಿದೆ. ಹಾಗಾಗಿ ಏರಿಕೆಯನ್ನೆಲ್ಲ ಹೊಸ ಹಲ್ಲೆ ಅನ್ನುವ ಹಾಗಿಲ್ಲ. ಆದರೂ ಶಿಕ್ಷೆ ಹೆಚ್ಚಿದ್ದರಿಂದ ಬೀದಿ ತಣ್ಣಗಾಯಿತು ಅನ್ನಲು ಆಧಾರ ಸಿಗುವುದಿಲ್ಲ. ಕುಡಿದವನು, ಮನಸ್ಸಿನ ಹತೋಟಿ ತಪ್ಪಿದವನು, ಗುಂಪಿನ ಆವೇಶದಲ್ಲಿ ಇರುವವನು ಕೈ ಎತ್ತುವ ಮುಂಚೆ ಶಿಕ್ಷೆ ಆರು ತಿಂಗಳೋ ಹನ್ನೆರಡೋ ಅಂತ ಲೆಕ್ಕ ಹಾಕುವುದಿಲ್ಲ.

ಹಾಗಂತ ಕಾಯ್ದೆ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಏಟು ತಿಂದವರಿಗೆ ನ್ಯಾಯ ಸಿಗಬೇಕು. ಆದರೆ ಲಿಂಚ್ ಆ ದಿನ ನೋಡಿದ್ದು ಏನು ಅಂತ ಮತ್ತೆ ಯೋಚಿಸಿದರೆ ಅಂತರ ಕಾಣುತ್ತದೆ. ಅವರು ನೋಡಿದ್ದು ಕಡಿಮೆ ಶಿಕ್ಷೆಯನ್ನಲ್ಲ, ಒಬ್ಬಂಟಿ ಪೊಲೀಸರನ್ನು. ಆ ಒಬ್ಬಂಟಿತನಕ್ಕೆ ಪರಿಹಾರ ಜನ, ಜನಕ್ಕೆ ಹಣ. ಇದನ್ನು ಅವರು ಸಂಸತ್ತಿನಲ್ಲಿ ಎತ್ತದೇ ಇರಲಿಲ್ಲ, ಸಿಬ್ಬಂದಿ ಕಡಿತದ ಬಗ್ಗೆ ಗಟ್ಟಿಯಾಗಿಯೇ ಮಾತಾಡಿದರು. ಆದರೆ ಖಾಸಗಿ ಸದಸ್ಯರ ಮಸೂದೆಯಿಂದ ಸರ್ಕಾರದ ಖಜಾನೆ ತೆರೆಸಲು ಬರುವುದಿಲ್ಲ. ಶಿಕ್ಷೆ ಹೆಚ್ಚಿಸಲು ಬರುತ್ತದೆ. ಸರ್ಕಾರಕ್ಕೂ ಅದು ಅಗ್ಗ. ಹೀಗಾಗಿ ಸುಲಭವಾದ ಅರ್ಧ ಕಾಯ್ದೆಯಾಯಿತು, ಕಷ್ಟದ ಅರ್ಧ ಹಿಂದೆ ಉಳಿಯಿತು.

ನಮ್ಮ ಉದಾಹರಣೆ ನೋಡಿದರೂ ಇದು ಗೊತ್ತಾಗುತ್ತದೆ. ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಮಾಡಿ ಹಲ್ಲೆ ಮಾಡಿದರೆ ಐಪಿಸಿ 353ರಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 132ರಲ್ಲೂ ಅಷ್ಟೇ. ಬ್ರಿಟನ್ 2022ರಲ್ಲಿ ತಲುಪಿದ ಎರಡು ವರ್ಷ ನಮ್ಮ ಪುಸ್ತಕದಲ್ಲಿ ಎಷ್ಟೋ ಕಾಲದಿಂದ ಇದೆ. ಅದರಿಂದ ನಮ್ಮ ಕಾನ್‌ಸ್ಟೆಬಲ್‌ಗಳ ಮೇಲೆ ಕೈ ಮಾಡುವುದು ನಿಂತಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ನಮ್ಮಲ್ಲಿ 1966ರ ಕೇಂದ್ರ ಕಾಯ್ದೆಯೊಂದು ಪೊಲೀಸರು ಸಂಘ ಕಟ್ಟಿಕೊಳ್ಳುವುದಕ್ಕೆ, ಪತ್ರಿಕೆಗಳ ಜೊತೆ ಮಾತಾಡುವುದಕ್ಕೆ ಬಿಗಿಯಾದ ಮಿತಿ ಹಾಕಿದೆ. ಹ್ಯಾಲಿಫ್ಯಾಕ್ಸ್‌ನ ಘಟನೆಯನ್ನು ಹಿಡಿದು ದೇಶದ ಉದ್ದಗಲಕ್ಕೂ ಪ್ರಚಾರ ಮಾಡಲು ಅಲ್ಲಿ ಒಂದು ಫೆಡರೇಷನ್ ಇತ್ತು. ಖಾಸಗಿ ಮಸೂದೆಯ ದಾರಿಯೂ ನಮ್ಮಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಮಸೂದೆ ಕೊನೆಯ ಸಲ ಕಾಯ್ದೆಯಾದದ್ದು 1970ರಲ್ಲಿ.

ಕಾರಿನ ಇನ್ನೊಂದು ಬದಿ

ಪೊಲೀಸ್ ಕಾರಿನ ಸೀಟಿನಿಂದ ಪೊಲೀಸರ ಕಷ್ಟ ಚೆನ್ನಾಗಿ ಕಾಣುತ್ತದೆ. ತಡೆದು ನಿಲ್ಲಿಸಲ್ಪಟ್ಟವರ ಕಷ್ಟ ಅಷ್ಟು ಕಾಣುವುದಿಲ್ಲ. ಇದು ಇಂಥ ಭೇಟಿಗಳ ಮಿತಿ, ಎಷ್ಟೇ ಪ್ರಾಮಾಣಿಕವಾಗಿ ಹೋದರೂ ಇರುವಂಥದ್ದು. ಬ್ರಯಂಟ್ ಮಸೂದೆ ಸಂಸತ್ತಿನಲ್ಲಿ ನಡೆಯುತ್ತಿದ್ದ 2017ರಲ್ಲೇ ಇನ್ನೊಬ್ಬ ಸಂಸದ ಡೇವಿಡ್ ಲ್ಯಾಮಿ ತಮ್ಮ ವರದಿ ಹೊರತಂದರು. ಕಪ್ಪು ಮತ್ತು ಏಷ್ಯನ್ ಮೂಲದವರನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನ ನ್ಯಾಯ ವ್ಯವಸ್ಥೆ ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದು ಅದರ ವಿಷಯ. ಪೊಲೀಸರನ್ನು ಅರಿಯಬೇಕಾದ ಶಾಸಕರಿಗೆ ಎರಡೂ ಬೇಕು. ಲಿಂಚ್ ಜಾಗದಲ್ಲಿ ಕೂತು ನೋಡುವುದೂ ಬೇಕು, ಲ್ಯಾಮಿ ಮಾಡಿದ ಹಾಗೆ ಜೈಲು, ಕೋರ್ಟುಗಳ ಅಂಕಿಅಂಶ ಬಗೆದು ನೋಡುವುದೂ ಬೇಕು. ಹಲ್ಲೆ ಕಾಯ್ದೆಯ ಬಗ್ಗೆಯೂ ಇಂಥ ಒಂದು ಕಳವಳ ಇದ್ದೇ ಇದೆ. ಮಾನಸಿಕ ಕಾಯಿಲೆಯ ತೀವ್ರ ಹೊತ್ತಿನಲ್ಲಿ ನರ್ಸ್ ಅಥವಾ ಪೊಲೀಸರನ್ನು ತಳ್ಳಿದವರು ಚಿಕಿತ್ಸೆಗೆ ಹೋಗಬೇಕೋ ಕಟಕಟೆಗೆ ಹೋಗಬೇಕೋ? ಪ್ರತಿ ಕೇಸಿನಲ್ಲೂ ಯಾರಾದರೂ ಕೂತು ಯೋಚಿಸಿ ತೀರ್ಮಾನಿಸಬೇಕಾದ ಪ್ರಶ್ನೆ ಇದು.

ಸಿಬ್ಬಂದಿಯ ವಿಷಯ ಕೊನೆಗೂ ಬಗೆಹರಿಯತೊಡಗಿದ್ದು ಬೇರೆ ದಾರಿಯಿಂದ. 2019ರಲ್ಲಿ ಬೋರಿಸ್ ಜಾನ್ಸನ್ ಸರ್ಕಾರ 20,000 ಹೊಸ ಪೊಲೀಸರನ್ನು ಸೇರಿಸುವ ಮಾತು ಕೊಟ್ಟಿತು. 2023ರ ಮಾರ್ಚ್ ಹೊತ್ತಿಗೆ ಆ ಗುರಿ ಮುಟ್ಟಿತು. ಲೆಕ್ಕಕ್ಕೆ 2010ರ ಸಂಖ್ಯೆ ವಾಪಸ್ ಬಂತು, ಆದರೆ ನಡುವೆ ಬಿಟ್ಟುಹೋದವರ ಅನುಭವ ಬರಲಿಲ್ಲ. ಪಡೆಗಳಲ್ಲಿ ಈಗ ದೊಡ್ಡ ಪಾಲು ಹೊಸಬರು. ರಾತ್ರಿ ಪಾಳಿಯಲ್ಲಿ ಕಾರಿಗೆ ಒಬ್ಬರೋ ಇಬ್ಬರೋ ಅನ್ನುವುದನ್ನು ಈಗಲೂ ಆಯಾ ಪಡೆಯೇ ತೀರ್ಮಾನಿಸುತ್ತದೆ. 2018ರ ಕಾಯ್ದೆಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.